"ಆತನು ಎಣಿಸುತ್ತಿದ್ದಾನೆ" ಎಂದು ಬರೆದ ಮಗಳಿಗೆ

ಪ್ರೀತಿಯ ಮಗಳೇ,

ಕರ್ತನಲ್ಲಿ ವಂದನೆ. ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಕೆಲಸದ ವಿಚಾರ, ಹೊಸ ಮನೆಯ ವಿಚಾರ, ನಿನ್ನ ಅಮ್ಮನ ಮಂಡಿನೋವು, ಇವಕ್ಕೆಲ್ಲ ಫೋನಿನಲ್ಲಿ ಮಾತಾಡಿಯಾಗಿದೆ. ಆದರೆ ಮೂರನೆಯ ಪುಟದಲ್ಲಿ, ಜಾಗ ಸಾಲದೆ ಅಂಚಿಗೆ ಓರೆಯಾಗಿ ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಪ್ರಾರ್ಥನೆ ತಪ್ಪಿದ ದಿನ ಆತನ ಮುಂದೆ ಹೋಗಲು ಭಯವಾಗುತ್ತದೆ, ದೊಡ್ಡಮ್ಮ. ಆತನು ಎಣಿಸುತ್ತಿದ್ದಾನೆ ಅನ್ನಿಸುತ್ತದೆ." ಉಳಿದ ಪುಟಗಳನ್ನೆಲ್ಲ ನೀನು ಈ ಸಾಲನ್ನು ಬಚ್ಚಿಡುವುದಕ್ಕೇ ಬರೆದೆಯೇನೋ ಎಂದು ನನಗೆ ತೋರಿತು.

ಮೊಬೈಲಿನಲ್ಲಿ ಸತ್ಯವೇದ ಓದುವ ಆ್ಯಪ್ ದಿನಗಳ ಲೆಕ್ಕ ಇಡುತ್ತದೆ ಎಂದಿದ್ದೀಯೆ. 212 ದಿನ ಬಿಡದೆ ಓದಿದ್ದೆ. ಒಂದು ರಾತ್ರಿ ದಣಿದು ಬಂದು ಹಾಗೆಯೇ ನಿದ್ದೆ ಹೋದೆ, ಬೆಳಿಗ್ಗೆ ನೋಡಿದರೆ ಸೊನ್ನೆ. ಅಳು ಬಂತು, ನಗಬೇಡಿ ಎಂದು ಬರೆದಿದ್ದೀಯೆ. ನಗಲಿಲ್ಲ ಮಗಳೇ. ಮೂವತ್ತೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕುಳಿತವಳು ನಾನು. ತಾಳೆಯಾಗದ ಒಂದು ಅಂಕಿ ರಾತ್ರಿಯ ನಿದ್ದೆಯನ್ನು ಹೇಗೆ ತಿನ್ನುತ್ತದೆ ಎಂದು ಬಲ್ಲೆ.

ಆ ಸೊನ್ನೆಯನ್ನು ತೋರಿಸಿದ್ದು ಒಂದು ಯಂತ್ರ. ಅದರ ಕೆಳಗೆ ದೇವರ ಸಹಿಯೂ ಇದೆ ಎಂದು ನಿನಗೆ ಏಕೆ ಅನ್ನಿಸಿತು? ನಾಲ್ಕು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ತಿರುಗಿ ತಿರುಗಿ ನನ್ನ ಕಡೆಗೇ ಬರುತ್ತಿದೆ.

ಭಾನುವಾರದ ಶಾಲೆಯ ಗೋಡೆಯ ಮೇಲಿನ ಪಟ್ಟಿ ನೆನಪಿದೆಯೇ? ವಚನ ಕಂಠಪಾಠ ಒಪ್ಪಿಸಿದವರ ಹೆಸರಿನ ಎದುರಿಗೆ ಬಂಗಾರದ ಬಣ್ಣದ ನಕ್ಷತ್ರ ಅಂಟಿಸುತ್ತಿದ್ದವಳು ನಾನೇ. ನಿನಗೆ ಆಗ ಏಳು ವರ್ಷ. ಜ್ವರ ಬಂದು ಒಂದು ವಾರ ಬರಲಿಲ್ಲ. ಮುಂದಿನ ವಾರ ಎರಡು ವಚನಗಳನ್ನೂ ತಡವರಿಸದೆ ಒಪ್ಪಿಸಿ, ಖಾಲಿ ಉಳಿದ ಚೌಕದ ಮೇಲೆ ಬೆರಳಿಟ್ಟು ನಿಂತಿದ್ದೆ. "ಆ ವಾರ ಮುಗಿದುಹೋಯಿತು" ಎಂದೆ ನಾನು. ಡಬ್ಬಿಯಲ್ಲಿ ನಕ್ಷತ್ರಗಳಿಗೇನೂ ಬರಗಾಲವಿರಲಿಲ್ಲ. ನೀನು ಮಾತಾಡದೆ ಹೋಗಿ ಬೆಂಚಿನ ಕೊನೆಯಲ್ಲಿ ಕುಳಿತೆ. ನೀನು ಮರೆತಿರಬಹುದು. ನಿನ್ನ ಪತ್ರ ಓದಿದ ಮೇಲೆ ನನಗೆ ಕಾಣುವುದು ಆ ಬೆರಳೊಂದೇ.

ನನ್ನದೂ ಒಂದು ಪಟ್ಟಿ ಇತ್ತು. ಕೆಂಪು ಗೆರೆಯ ಉದ್ದನೆಯ ಪುಸ್ತಕ. ದಿನಾಂಕ, ಓದಿದ ಅಧ್ಯಾಯ, ಪ್ರಾರ್ಥನೆಯ ನಿಮಿಷ, ಉಪವಾಸ, ಕಾಣಿಕೆ, ಹೀಗೆ ಐದು ಅಂಕಣ. ಬೆಳಿಗ್ಗೆ ಐದರಿಂದ ಆರರವರೆಗೆ ಪ್ರಾರ್ಥನೆ, ನಿಮಿಷದ ಅಂಕಣದಲ್ಲಿ 60. ವರ್ಷದ ಕೊನೆಗೆ ಮೊತ್ತವನ್ನೂ ಹಾಕುತ್ತಿದ್ದೆ. ಯಾರಿಗೆ ತೋರಿಸಲೆಂದು ಹಾಕುತ್ತಿದ್ದೆನೋ!

ಅಜ್ಜಿಯ ಕೊನೆಯ ವರ್ಷದ ಕಥೆ ನಿನಗೆ ಗೊತ್ತೇ ಇದೆ. ಅದರಲ್ಲಿ ನಾನು ಯಾರಿಗೂ ಹೇಳದ ಒಂದು ಬೆಳಗು ಇದೆ. ಮೊಣಕಾಲೂರಿ ಕುಳಿತಿದ್ದೆ. ಪಕ್ಕದ ಕೋಣೆಯಿಂದ ಅಮ್ಮ ಕರೆದಳು. ಮಗ್ಗುಲು ಬದಲಾಯಿಸಬೇಕಿತ್ತು, ತಾನಾಗಿ ಹೊರಳಲು ಅವಳಿಗೆ ಆಗುತ್ತಿರಲಿಲ್ಲ. ಗಡಿಯಾರ ನೋಡಿದೆ. ಆರಕ್ಕೆ ಹತ್ತು ನಿಮಿಷ. ಎದ್ದರೆ ಆ ದಿನ 50 ಎಂದು ಬರೆಯಬೇಕಾಗುತ್ತದೆ. ಏಳಲಿಲ್ಲ. ಇನ್ನೊಮ್ಮೆ ಕರೆದಳು, ಆಮೇಲೆ ಕರೆಯಲಿಲ್ಲ. ಆರಕ್ಕೆ ಸರಿಯಾಗಿ ಎದ್ದು ಹೋದಾಗ ಕಣ್ಣು ತೆರೆದುಕೊಂಡು ಗೋಡೆ ನೋಡುತ್ತ ಮಲಗಿದ್ದಳು. "ಪ್ರಾರ್ಥನೆ ಆಯಿತೇನೇ?" ಎಂದಳು. ಕೊಂಕು ಮಾತಲ್ಲ, ನಿಜವಾಗಿಯೂ ಕೇಳಿದಳು. ಮಗ್ಗುಲು ತಿರುಗಿಸಿ, ದಿಂಬು ಸರಿಮಾಡಿ ಬಂದು, 60 ಎಂದು ಬರೆದೆ. ಆ ಪುಟ ಈಗಲೂ ನನ್ನ ಬಳಿ ಇದೆ.

ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯವನ್ನು ಅದಕ್ಕೂ ಮೊದಲು ಹಲವು ಸಲ ಓದಿದ್ದೆ. ಓದಿದ್ದಕ್ಕೆ ಅದೇ ಪುಸ್ತಕದಲ್ಲಿ ಗುರುತೂ ಇದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮುಡಿಪಾದದ್ದು ಎಂದು ಹೇಳಿ ಕೈ ತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ನಾನು ಹತ್ತು ನಿಮಿಷವನ್ನು ಕೊರ್ಬಾನ್ ಮಾಡಿದ್ದೆ.

ನೋಡು, ನಿನಗೆ ಧೈರ್ಯ ಹೇಳಲು ಕುಳಿತವಳು ನನ್ನದನ್ನೇ ತೋಡಿಕೊಳ್ಳುತ್ತಿದ್ದೇನೆ. ನಿನ್ನ ಸಾಲಿಗೆ ಬರುತ್ತೇನೆ. ಆತನು ಎಣಿಸುತ್ತಿದ್ದಾನೆ.

ಸತ್ಯವೇದದ 130ನೆಯ ಕೀರ್ತನೆಯ ಮೂರನೆಯ ವಚನ ಇದೇ ಭಯವನ್ನು ಬಾಯಿಬಿಟ್ಟು ಹೇಳುತ್ತದೆ: ಕರ್ತನೇ, ನೀನು ತಪ್ಪುಗಳ ಲೆಕ್ಕ ಹಿಡಿದರೆ ನಿನ್ನೆದುರು ನಿಲ್ಲುವವರು ಯಾರು? ನಿನಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆ ಯಾರೋ ನಿನ್ನ ಹಾಗೆಯೇ ನಡುಗಿದ್ದಾರೆ. ಮುಂದಿನ ವಚನದಲ್ಲಿ ಕ್ಷಮೆಯ ಮಾತು ಬರುತ್ತದೆ. ಇನ್ನೊಂದು ವಿಷಯ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದಲ್ಲಿ, ಪ್ರೀತಿಯು ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಓದುತ್ತೇವಲ್ಲ, ಅಲ್ಲಿ ಪೌಲನು ಬಳಸಿದ ಗ್ರೀಕ್ ಪದ ಲೆಕ್ಕ ಬರೆಯುವವರದು. ಖಾತೆಗೆ ಹಚ್ಚುವುದು ಎಂಬ ಅರ್ಥ. ಇದನ್ನು ಪ್ರಸಂಗದಲ್ಲಿ ಮೊದಲ ಬಾರಿ ಕೇಳಿದಾಗ ನನಗೆ ಗಟ್ಟಿಯಾಗಿ ನಗು ಬಂದು, ಮುಂದಿನ ಸಾಲಿನವರು ತಿರುಗಿ ನೋಡಿದರು. ದೇವರು ಪ್ರೀತಿಯಾಗಿದ್ದಾನೆ ಎಂದು ನಂಬುವವಳು ನಾನು, ಆತನ ಕೈಗೆ ನನ್ನ ಕೆಂಪು ಗೆರೆಯ ಪುಸ್ತಕವನ್ನು ಕೊಟ್ಟಿದ್ದೆ!

ಹಾಗೆಂದು ಆತನು ಎಣಿಸುವುದೇ ಇಲ್ಲ ಎಂದು ಸುಳ್ಳು ಹೇಳಲಾರೆ. ತಲೆಯ ಕೂದಲುಗಳನ್ನು ಎಣಿಸುತ್ತಾನೆ ಎಂದು ಯೇಸುವೇ ಹೇಳಿದ್ದಾನೆ. ಕಣ್ಣೀರನ್ನು ಬುದ್ದಲಿಯಲ್ಲಿ, ಅಂದರೆ ತೊಗಲಿನ ಚೀಲದಲ್ಲಿ, ಕೂಡಿಡುತ್ತಾನೆ ಎಂದು 56ನೆಯ ಕೀರ್ತನೆ ಹೇಳುತ್ತದೆ. ನೂರು ಕುರಿಗಳಲ್ಲಿ ಒಂದು ಕಡಿಮೆ ಎಂದು ತಿಳಿಯಬೇಕಾದರೆ ಯೇಸು ಹೇಳಿದ ಕಥೆಯ ಆ ಕುರುಬನೂ ಎಣಿಸಿರಲೇಬೇಕು. ತೊಂಬತ್ತೊಂಬತ್ತು ಎಂದಾಗ ಅವನು ಪುಸ್ತಕ ಮುಚ್ಚಿ ಆ ಕುರಿಯ ಹೆಸರಿನ ಎದುರಿಗೆ ಸೊನ್ನೆ ಹಾಕಲಿಲ್ಲ, ಹುಡುಕಲು ಹೊರಟ. ಅಂಚಿನಲ್ಲಿ ನೀನು ಬರೆದದ್ದು ಸುಳ್ಳಲ್ಲ ಮಗಳೇ. ಆತನು ಯಾತಕ್ಕಾಗಿ ಎಣಿಸುತ್ತಾನೆ ಎಂಬುದನ್ನು ನಾನು ನಿನಗೆ ತಪ್ಪಾಗಿ ಕಲಿಸಿದೆ.

ಲೂಕ 15ರಲ್ಲಿ ಯೇಸು ಹೇಳಿದ ಇಬ್ಬರು ಗಂಡುಮಕ್ಕಳ ಕಥೆಯಲ್ಲಿ ಎಲ್ಲರೂ ಓಡಿಹೋದ ತಮ್ಮನ ಮೇಲೆಯೇ ಪ್ರಸಂಗ ಮಾಡುತ್ತಾರೆ. ನನಗೆ ಹತ್ತಿರದವನು ಅಣ್ಣ. ತಮ್ಮ ಮರಳಿ ಬಂದನೆಂದು ತಂದೆ ಔತಣ ಮಾಡಿಸಿದಾಗ ಅವನು ಒಳಗೆ ಹೋಗದೆ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದೆ, ಒಂದು ಅಪ್ಪಣೆಯನ್ನೂ ಮೀರಲಿಲ್ಲ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ತಂದೆಗೇ ಬಾಕಿ ತೋರಿಸುತ್ತಾನೆ. ಅವನು "ದುಡಿದೆ" ಎನ್ನುವಲ್ಲಿ ಮೂಲದಲ್ಲಿರುವುದು ಗುಲಾಮನ ದುಡಿಮೆಯ ಪದವಂತೆ. ತಂದೆಯ ಮನೆಯಲ್ಲೇ ಇದ್ದು ಆಳಿನ ಹಾಗೆ ಬದುಕಿದ. ಅವನಿಗಾಗಿಯೂ ಆ ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲಿಲ್ಲ.

ಮೆಥೊಡಿಸ್ಟ್ ಪಂಗಡಕ್ಕೆ ಮೂಲನಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಬಗ್ಗೆ ಓದಿದಾಗಲೂ ನನಗೆ ಈ ಅಣ್ಣನೇ ನೆನಪಾದ. ಆಕ್ಸ್‌ಫರ್ಡ್‌ನಲ್ಲಿದ್ದಾಗ ವೆಸ್ಲಿ ಗಂಟೆಗಂಟೆಗೂ ತನ್ನ ಭಕ್ತಿಯ ಮಟ್ಟವನ್ನು ದಿನಚರಿಯಲ್ಲಿ ಗುರುತು ಹಾಕುತ್ತಿದ್ದ. ನನ್ನ ಐದು ಅಂಕಣ ಅವನ ಮುಂದೆ ಯಾವ ಲೆಕ್ಕ! ಉಪವಾಸ, ಸೆರೆಮನೆಗೆ ಭೇಟಿ, ಸಮುದ್ರ ದಾಟಿ ಸೇವೆ, ಎಲ್ಲ ಮಾಡಿಯೂ ಸಮಾಧಾನವಿರಲಿಲ್ಲ. 1738ರ ಮೇ 24ರ ಸಂಜೆ, ಲಂಡನ್ನಿನ ಒಂದು ಕೂಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಅವನ ಹೃದಯ ಬೆಚ್ಚಗಾಯಿತು. ಕ್ರಿಸ್ತನು ನನ್ನ ಪಾಪಗಳನ್ನೇ, ನನ್ನವನ್ನೇ ತೆಗೆದುಹಾಕಿದನು ಎಂಬ ಭರವಸೆ ಬಂತು. ಮೊದಲು ನನಗಿದ್ದದ್ದು ಆಳಿನ ನಂಬಿಕೆ, ಮಗನದಲ್ಲ ಎಂದು ಬಹಳ ವರ್ಷಗಳ ಮೇಲೆ ಬರೆದುಕೊಂಡ. ಆಮೇಲೂ ಅವನೇನು ಶಿಸ್ತು ಬಿಡಲಿಲ್ಲ, ಬೆಳಗಿನ ಜಾವ ಏಳುವುದನ್ನೂ ಬಿಡಲಿಲ್ಲ.

ಹಾಗಾದರೆ ಆಜ್ಞೆಗಳು ಏತಕ್ಕೆ ಎಂದು ನಿನ್ನ ಅಪ್ಪ ಕೇಳುತ್ತಾನೆ, ಅವನ ದನಿ ಇಲ್ಲಿಗೇ ಕೇಳಿಸುತ್ತಿದೆ. ವಿಮೋಚನಕಾಂಡದ 20ನೆಯ ಅಧ್ಯಾಯ ತೆಗೆದು ತೋರಿಸು. ಹತ್ತು ಆಜ್ಞೆಗಳಿಗೂ ಮೊದಲು, ನಿನ್ನನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದವನು ನಾನು ಎಂಬ ಮಾತಿದೆ. ಬಿಡುಗಡೆ ಮೊದಲು ಆಯಿತು, ಆಜ್ಞೆ ಆಮೇಲೆ ಬಂತು. ಅಷ್ಟು ಸಾಕು, ಅವನೊಡನೆ ವಾದಕ್ಕೆ ಇಳಿಯಬೇಡ.

ಈಗ ಏನು ಮಾಡಬೇಕು ಎಂದು ಕೇಳುತ್ತೀಯೆ. ನನಗೆ ಹೇಳುವ ಯೋಗ್ಯತೆ ಎಷ್ಟಿದೆಯೋ ಕಾಣೆ. ಆ ಆ್ಯಪ್‌ನಲ್ಲಿ ದಿನ ಎಣಿಸುವುದನ್ನು ನಿಲ್ಲಿಸುವ ದಾರಿ ಇದ್ದರೆ ನಿಲ್ಲಿಸು, ಇಲ್ಲದಿದ್ದರೆ ಕೆಲವು ತಿಂಗಳು ಕಾಗದದ ಸತ್ಯವೇದವನ್ನೇ ಓದು. ಓದು ತಪ್ಪಿದ ಮರುದಿನ ಎರಡು ಅಧ್ಯಾಯ ಓದಿ ಸರಿದೂಗಿಸಲು ಹೋಗಬೇಡ. ನಾನು ಅದನ್ನೇ ಮಾಡುತ್ತಿದ್ದೆ, ಬಡ್ಡಿ ಕಟ್ಟಿದ ಹಾಗಿರುತ್ತಿತ್ತು. 130ನೆಯ ಕೀರ್ತನೆ ಎಂಟೇ ವಚನ, ಅದನ್ನು ಬೇಕಾದರೆ ಓದು.

ಒಂದು ಪದ ತಪ್ಪಿತೆಂದು ಪ್ರಾರ್ಥನೆಯನ್ನು ಮೊದಲಿನಿಂದ ಮತ್ತೆ ಹೇಳುತ್ತೇನೆ, ಕೆಲವು ರಾತ್ರಿ ಮೂರು ನಾಲ್ಕು ಸಲ, ಎಂದೂ ಬರೆದಿದ್ದೀಯೆ. ಇದು ನನ್ನನ್ನು ಹೆಚ್ಚು ಕಳವಳಗೊಳಿಸಿತು. ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ, ಹೆದರುವ ದಾಸರ ಹಾಗಲ್ಲ, "ಅಪ್ಪಾ" ಎಂದು ಕೂಗುವ ಮಕ್ಕಳ ಹಾಗೆ ಎಂದಿದೆ. ಯೇಸು ಆಡಿದ ಅರಮಾಯಿಕ್ ಮಾತಿನ "ಅಬ್ಬಾ" ನಮ್ಮ ಸತ್ಯವೇದದಲ್ಲಿ "ಅಪ್ಪಾ" ಎಂದೇ ಅಚ್ಚಾಗಿದೆ. ಆ ಒಂದು ಪದ ಹೇಳಿ ಮಲಗಿದರೂ ಆಯಿತು. ಹಾಗೆ ಮಲಗಲು ಆಗದಿದ್ದರೆ, ಮತ್ತೆ ಮತ್ತೆ ಹೇಳದೆ ಇರಲು ಆಗದಿದ್ದರೆ, ಸಭಾಪಾಲಕರ ಜೊತೆಗೆ ಒಬ್ಬ ವೈದ್ಯರ ಹತ್ತಿರವೂ ಮಾತಾಡು. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ಅಪನಂಬಿಕೆಯಲ್ಲ. ದೊಡ್ಡಮ್ಮ ಎಲ್ಲಿಂದ ಎಲ್ಲಿಗೋ ಹೋದಳು ಎಂದುಕೊಳ್ಳಬೇಡ. ಒಬ್ಬಳೇ ಹೋಗಲು ಸಂಕೋಚವಾದರೆ ನಾನು ಬರುತ್ತೇನೆ.

ಬರೆಯುತ್ತ ಕುಳಿತು ನನ್ನ ಸಂಜೆಯ ಪ್ರಾರ್ಥನೆಯ ಹೊತ್ತು ದಾಟಿಹೋಗಿದೆ. ಹಳೆಯ ಚಾಳಿ, ಈಗಷ್ಟೇ ಗಡಿಯಾರ ನೋಡಿದೆ. ನಲವತ್ತು ನಿಮಿಷ ತಡ. ಎದ್ದು ಹೋಗುತ್ತೇನೆ, ನಿನ್ನ ಹೆಸರು ಹೇಳುವುದಿದೆ.

ನಿನ್ನ ದೊಡ್ಡಮ್ಮ