ಹಾಸಿಗೆ ಹಾರಿದ್ದು ಗಾಳಿಯಿಂದಲ್ಲ

ಮಾನ್ಯರೆ,

ಮೊನ್ನೆ ಸಂಜೆ ಮೇಲ್ಸೇತುವೆ ಮೇಲೆ ಕಾರಿನ ನೆತ್ತಿಗೆ ಕಟ್ಟಿದ್ದ ಹಾಸಿಗೆ ಹಾರಿಬಿದ್ದದ್ದಕ್ಕೆ ‘ಗಾಳಿಯ ರಭಸವೇ ಕಾರಣ’ ಎಂದು ನಿಮ್ಮ ವರದಿ ಹೇಳಿದೆ. ಗಾಳಿಯ ಮೇಲೆ ತಪ್ಪು ಹೊರಿಸಬೇಡಿ. ನೀವೇ ಅಚ್ಚು ಮಾಡಿದ ಚಿತ್ರದಲ್ಲಿ ಎಲ್ಲ ಕಾಣುತ್ತಿದೆ: ಎರಡೇ ಎಳೆ ಪ್ಲಾಸ್ಟಿಕ್ ಹಗ್ಗ, ಎರಡೂ ಅಡ್ಡಕ್ಕೆ, ಕಿಟಕಿಯೊಳಗೆ ಗಂಟು. ಮುಂಬದಿಗೆ ಒಂದು ಕಟ್ಟೂ ಇಲ್ಲ. ಸ್ಕೂಟರ್ ಸವಾರ ಜಾರಿಬಿದ್ದದ್ದು, ಒಂದೂವರೆ ತಾಸು ವಾಹನಗಳು ಕದಲದಿದ್ದದ್ದು, ಶಾಲಾ ವ್ಯಾನಿನ ಮಕ್ಕಳು ಕತ್ತಲಾದ ಮೇಲೆ ಮನೆ ಸೇರಿದ್ದು, ಬಸ್ಸಿನಲ್ಲಿದ್ದವರು ಇಳಿದು ನಡೆದದ್ದು ಎಲ್ಲಕ್ಕೂ ಆ ಎರಡು ಎಳೆ ಹಗ್ಗವೇ ಕಾರಣ.

ಡಬಲ್ ಹಾಸಿಗೆ ಎಂದರೆ ಆರೂವರೆ ಅಡಿ ಉದ್ದ, ಐದಡಿ ಅಗಲದ ಹಲಗೆ. ವೇಗ 40 ಕಿ.ಮೀ.ಯಿಂದ 80ಕ್ಕೆ ಏರಿದರೆ ಅದರಡಿ ನುಗ್ಗುವ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ಆಗ ಮುಂದಿನ ಅಂಚು ಏಳುತ್ತದೆ, ಎದ್ದಷ್ಟೂ ಗಾಳಿ ಹೆಚ್ಚು ಹಿಡಿಯುತ್ತದೆ. ಕಿಟಕಿಯಿಂದ ಕೈ ಚಾಚಿ ಹಿಡಿದುಕೊಂಡರೆ ನಿಲ್ಲುವುದಿಲ್ಲ, ಕೈಯೇ ಹೋಗುತ್ತದೆ. ಪ್ಲಾಸ್ಟಿಕ್ ಹಗ್ಗದ ಗಂಟು ಜಾರುತ್ತದೆ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ. ಫೋಮ್ ಕುಗ್ಗುವುದರಿಂದ ಹೊರಡುವಾಗ ಬಿಗಿಯಾಗಿದ್ದ ಕಟ್ಟು ಎರಡು ಕಿ.ಮೀ. ಹೋಗುವಷ್ಟರಲ್ಲಿ ಸಡಿಲಾಗಿರುತ್ತದೆ. ನಿಲ್ಲಿಸಿ ಮತ್ತೆ ಬಿಗಿಯಬೇಕು, ಆದರೆ ಯಾರೂ ನಿಲ್ಲಿಸುವುದಿಲ್ಲ.

ಒಯ್ಯಲೇಬೇಕೆಂದರೆ ಕೆಳಗೆ ಕ್ಯಾರಿಯರ್ ಇರಲಿ, ಬರಿ ತಗಡಿನ ಮೇಲೆ ಹೊರಿಸಬೇಡಿ. ಒಂದಿಂಚಿನ ರಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಯುವ ಪಟ್ಟಿ) ಎರಡು ಅಡ್ಡಕ್ಕೆ, ಕ್ಯಾರಿಯರ್ ಕಂಬಿಗೇ ಬಿಗಿಯಬೇಕು. ಮುಂದಿನ ಅಂಚಿನಿಂದ, ಕೆಟ್ಟ ಕಾರನ್ನು ಎಳೆಯಲೆಂದಿರುವ ಬಂಪರ್‌ನ ಟೋ ಹುಕ್‌ಗೆ ಒಂದು ಕಟ್ಟು, ಹಿಂದಕ್ಕೊಂದು. ಈ ಮುಂದಿನ ಕಟ್ಟೇ ಮುಖ್ಯ, ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಬೆಲ್ಟಿಗೆ ಒಂದು ತಿರುವು ಕೊಟ್ಟರೆ ಗಾಳಿಗೆ ಪಟಪಟ ಬಡಿಯುವುದಿಲ್ಲ. ಹೆಚ್ಚಿನ ಸಣ್ಣ ಕಾರುಗಳ ನೆತ್ತಿ ತಾಳುವುದು 50 ಕೆ.ಜಿ. ಆಸುಪಾಸು, ಕ್ಯಾರಿಯರ್ ತೂಕವೂ ಅದರಲ್ಲೇ ಸೇರಿದೆ. ನಿಮ್ಮ ಕಾರಿನ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ. ಉಕ್ಕಿನ ಬೀರುವನ್ನು ಮೇಲೇರಿಸುವವರಿಗೆ ಏನು ಹೇಳೋಣ?

ಡಿಕ್ಕಿ ಬಾಗಿಲು ಎತ್ತಿಟ್ಟು ಮಂಚದ ಹಲಗೆ ಒಯ್ಯುವವರು ಇನ್ನೂ ಅಪಾಯಕಾರಿ. ನಂಬರ್ ಪ್ಲೇಟು ಆಕಾಶ ನೋಡುತ್ತದೆ, ಕಾರಿನ ಹಿಂದೆ ಒತ್ತಡ ಕಡಿಮೆಯಾಗಿ ಸೈಲೆನ್ಸರ್ ಹೊಗೆ ಒಳಕ್ಕೇ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಕ್ಕಳು ನಿದ್ದೆ ಹೋದರೆಂದೇ ತಿಳಿಯುತ್ತೀರಿ. ಮಂಚವನ್ನೂ ಊಟದ ಮೇಜನ್ನೂ ಅಲೆನ್ ಕೀ ಎಂಬ ಆರು ಮೂಲೆಯ ಸಲಾಕೆಯಿಂದ ಬಿಚ್ಚಿ, ಬೋಲ್ಟುಗಳನ್ನು ಪೊಟ್ಟಣ ಕಟ್ಟಿ ಅದೇ ಹಲಗೆಗೆ ಅಂಟಿಸಿ, ಹಿಂದಿನ ಸೀಟು ಮಡಚಿ, ಭಾರದ್ದು ತಳದಲ್ಲಿ ಮುಂದಿನ ಸೀಟಿಗೆ ಒತ್ತಿ ಬರುವಂತೆ ಇಟ್ಟರೆ ಬಾಗಿಲು ಮುಚ್ಚುತ್ತದೆ. ಮುಚ್ಚದಿದ್ದರೆ ಅದು ಕಾರಿನ ಸಾಮಾನಲ್ಲ. ಸರಕಿಗೆ ಏಳಡಿ ಉದ್ದದ ಜಾಗವಿರುವ ಟಾಟಾ ಏಸ್ ಗಾಡಿ ಪ್ರತಿ ಬಡಾವಣೆಯ ಮೂಲೆಯಲ್ಲೂ ನಿಂತಿರುತ್ತದೆ. ಸಾವಿರಗಟ್ಟಲೆ ಸುರಿದು ಸೋಫಾ ಕೊಂಡವರಿಗೆ ಅದರ ಬಾಡಿಗೆ ಯಾಕೆ ಭಾರವಾಗುತ್ತದೆ?

ಪೊಲೀಸರು ಏನು ಮಾಡುತ್ತಿದ್ದರು? ಸೇತುವೆ ಹತ್ತುವಲ್ಲೇ ನಿಂತು ಹೆಲ್ಮೆಟ್ ಇಲ್ಲದವರನ್ನು ಹಿಡಿಯುತ್ತಾರೆ, ಪಕ್ಕದಲ್ಲೇ ಕುರ್ಚಿಯ ಕಾಲು ಎರಡಡಿ ಹೊರಚಾಚಿದ ಕಾರು ಹೋದರೆ ತಿರುಗಿಯೂ ನೋಡುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194(1ಎ) ಕಲಂ ಇದಕ್ಕೆಂದೇ ಇದೆ: ಮಿತಿ ಮೀರಿ ಹೊರಚಾಚಿದ ಹೊರೆಗೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ.

ಪಾಲಿಕೆಯವರೂ ಕಡಿಮೆಯಿಲ್ಲ. ಸೇತುವೆ ದೀಪ ಕೆಟ್ಟು ತಿಂಗಳುಗಳಾದವು. ಇಳಿಜಾರಿನ ಕೊನೆಯ ಹಂಪ್‌ಗೆ ಬಣ್ಣವಿಲ್ಲ, ಸಡಿಲ ಕಟ್ಟು ಪೂರ್ತಿ ಬಿಚ್ಚಿಕೊಳ್ಳುವುದು ಅಲ್ಲೇ. ಕುಂದುಕೊರತೆ ಸಭೆಯಲ್ಲಿ ಕೊಟ್ಟ ಅರ್ಜಿ ಎಲ್ಲಿ ಹೋಯಿತು? 

ಪೊಲೀಸರು ಇಂಥ ಕಾರುಗಳನ್ನು ಅಂಗಡಿ ಮುಂದೆಯೇ ತಡೆಯಲಿ, ಕಟ್ಟಿಕೊಡುವ ಅಂಗಡಿಯವರನ್ನೂ ಕೇಳಲಿ. ಪಾಲಿಕೆಯವರೇ, ದೀಪ ಹಾಕಿ, ಹಂಪ್‌ಗೆ ಬಣ್ಣ ಬಳಿಯಿರಿ. ಇಷ್ಟೂ ಆಗದಿದ್ದರೆ ಆ ಹುದ್ದೆಯಲ್ಲಿ ಕೂತು ನೀವು ಮಾಡುತ್ತಿರುವುದಾದರೂ ಏನು?

– ಒಬ್ಬ ಓದುಗ, ಬೆಂಗಳೂರು