ಅಟ್ಟದ ಮೇಲಿನ ಬಾಣಲೆ

ಪ್ರೀತಿಯ ಮಾರಾಯ,

ಹೇಗಿದ್ದೀಯ? ಕುವೈತಿನಲ್ಲೂ ಈಗ ಚಳಿಯಂತೆ. ಸ್ವೆಟರ್ ಹಾಕಿಕೊಳ್ಳಲು ಹೇಳು ಅಂತ ಬಾಯಮ್ಮ ಹೇಳಿದರು. ಹೇಳಿದ್ದೇನೆ.

ಫೋನ್ ಮಾಡಬಹುದಿತ್ತು. ಎರಡು ಸಲ ಮಾಡಿದೆ ಕೂಡ. ಎರಡು ಸಲವೂ ಅಡಿಕೆ ರೇಟು, ಮಳೆ ಅಂತ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ಮಧ್ಯದಲ್ಲಿ ಬಿಟ್ಟು ಎದ್ದು ಹೋಗಲು ಆಗುವುದಿಲ್ಲ. ಓದುವವರೇ, ಇವನು ನನ್ನ ಗೆಳೆಯ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಗದ್ದೆಯ ಆಚೆ ಇವನ ಮನೆ, ಈಚೆ ನಮ್ಮದು. ಬಾಯಮ್ಮ ಅಂದರೆ ಇವನ ಅಮ್ಮ. ಇಬ್ಬರೂ 1988ರಲ್ಲಿ ಹುಟ್ಟಿದವರು. ಕ್ಯಾಥೊಲಿಕ್ ಚರ್ಚಿನ ಶಿವಮೊಗ್ಗ ಧರ್ಮಪ್ರಾಂತ್ಯ ಆಗಿದ್ದೂ ಅದೇ ವರ್ಷ. ಇವನ ಅಪ್ಪ ನಮ್ಮಿಬ್ಬರ ಹುಟ್ಟುಹಬ್ಬಕ್ಕೂ ಅದನ್ನು ತಪ್ಪದೆ ನೆನಪಿಸುತ್ತಿದ್ದರು. ಸಕ್ರೆಬೈಲಿನ ಆನೆ ವಿಷಯ ಮಾತ್ರ ಇಲ್ಲಿ ಬರೆಯುವುದಿಲ್ಲ, ಹೆದರಬೇಡ.

ಮೊದಲು ಊರಿನ ಸುದ್ದಿ. ಬೆಳಗ್ಗೆ ಎಂಟಾದರೂ ನಮ್ಮ ಅಂಗಳದಿಂದ ನಿಮ್ಮನೆ ಕಾಣುವುದಿಲ್ಲ. ನಡುವಿನ ಗದ್ದೆ ತುಂಬ ಮಂಜು. ಕೊಯ್ಲು ಮುಗಿದು ಹುಲ್ಲಿನ ಗೊಣಬೆ ಒಟ್ಟಿದ್ದಾಗಿದೆ. ಈ ವರ್ಷ ಮಳೆ ದೀಪಾವಳಿವರೆಗೂ ಬಿಡಲಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆದಿದ್ದೇ ಹೊಡೆದಿದ್ದು. ಮೇಲಿನ ತೋಟಕ್ಕೆ ಎಲೆಚುಕ್ಕಿ ಬಂದಿದೆ. ಸೋಗೆಯ ಮೇಲೆ ಚುಕ್ಕಿ ಕೂಡಿ ಕೂಡಿ ಸುಟ್ಟ ಹಾಗೆ ಕಾಣುತ್ತದೆ. ಅಪ್ಪ ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ಕೊನೆಗಾರ ಈಗ ಮರ ಹತ್ತುವುದಿಲ್ಲ, ಫೈಬರ್ ದೋಟಿ ಹಿಡಿದು ಕೆಳಗೇ ನಿಂತು ಕೊಯ್ಯುತ್ತಾನೆ. ಸುಲಿಯುವ ಯಂತ್ರ ಊರಿಗೆ ಬಂದಿದೆ. ಆದರೂ ಸಂಜೆ ನಾಲ್ಕೈದು ಹೆಂಗಸರು ಮೆಟ್ಟುಗತ್ತಿ ತಂದು ನಮ್ಮ ಚಪ್ಪರದಲ್ಲಿ ಕೂರುತ್ತಾರೆ. ರಾತ್ರಿ ಅಡಿಕೆ ಬೇಯಿಸುವ ಹಂಡೆಯ ಉರಿ, ಚೊಗರಿನ ವಾಸನೆ. ನಿನಗೆ ಗೊತ್ತಲ್ಲ, ಬಟ್ಟೆಗೆಲ್ಲ ಹತ್ತಿಕೊಳ್ಳುವ ವಾಸನೆ ಅದು.

ಭೂಮಿ ಹುಣ್ಣಿಮೆಗೆ ಈ ಸಲ ಗದ್ದೆಗೆ ಎಡೆ ಚೆಲ್ಲಿ ಚರಗ ಬೀರಲು ನಾನೇ ಹೋದೆ. ಅಪ್ಪನಿಗೆ ಮೊಣಕಾಲು ನೋವು. ಅಮ್ಮ ರಾತ್ರಿಯೆಲ್ಲ ಎದ್ದಿದ್ದು ಅಡುಗೆ ಮಾಡಿದ್ದಳು, ನೂರೊಂದು ಬೆರಕೆ ಸೊಪ್ಪು, ಕಡುಬು, ಎಲ್ಲ. ನಸುಕಿನಲ್ಲಿ ಮಗಳನ್ನು ಎಬ್ಬಿಸಿಕೊಂಡು ಹೋದೆ. ಅವಳಿಗೆ ಎಂಟು ವರ್ಷ ಈಗ. ‘ಅಚ್ಚಂಬಲಿ, ಹಾಲಂಬಲಿ’ ಅಂತ ಕೂಗಲು ಮೊದಲು ನಾಚಿಕೊಂಡಳು. ಆಮೇಲೆ ನನಗಿಂತ ಜೋರಾಗಿ ಕೂಗಿದಳು. ನಿಮ್ಮ ಗದ್ದೆಯ ಅಂಚಿಗೂ ಬೀರಿದೆವು. ಯಾವಾಗಲೂ ಹಾಗೇ ಅಲ್ವಾ. ನಿಮ್ಮನೆ ಬಾಗಿಲಲ್ಲಿ ದೀಪ ಕಂಡಿತು. ಬಾಯಮ್ಮ ಎದ್ದು ಕಾಯುತ್ತಾ ನಿಂತಿದ್ದರು.

ದೀಪಾವಳಿಗೆ ಅಂಟಿಗೆ ಪಂಟಿಗೆಯವರು ಬಂದರು. ಹಾಡುವವರು ಆರೇ ಜನ. ನಾವು ಅವರ ಹಿಂದೆ ಹೋಗಿ ಬೆಳಗಿನ ಜಾವ ನಿಮ್ಮ ಕೊಟ್ಟಿಗೆಯಲ್ಲಿ ಮಲಗಿದ್ದು ನೆನಪಿದೆಯಾ? ಬಾಯಮ್ಮ ಈ ಸಲವೂ ಅವರ ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ದುಡ್ಡು ಕೊಟ್ಟರು. ನಮ್ಮನೆಯಿಂದ ಹೋದ ಹೋಳಿಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಸೀದಾ ಒಳಗೆ ಒಯ್ದು ಊಟದ ಮೇಜಿನ ನಡುವೆ ಇಟ್ಟರು. ಅವರು ಯಾವಾಗಲೂ ಹಾಗೇ ಮಾಡುವುದು. ನಾನು ಈವರೆಗೆ ಅದನ್ನು ಗಮನಿಸಿರಲೇ ಇಲ್ಲ.

ನವೆಂಬರ್ 2, ನಿಮ್ಮಲ್ಲಿ ತೀರಿಕೊಂಡವರನ್ನು ನೆನೆಯುವ ದಿನ, ಬಾಯಮ್ಮನನ್ನು ಸಮಾಧಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಅಂಗಳದ ಸೇವಂತಿಗೆಯನ್ನೇ ಕೊಯ್ದು ಒಯ್ದೆವು. ನಿನ್ನ ಅಪ್ಪನ ಸಮಾಧಿಗೆ ಸುಣ್ಣ ಹೊಡೆಸಿದ್ದಾರೆ. ಗಾಳಿಗೆ ಮೇಣದಬತ್ತಿ ಆರುತ್ತಿತ್ತು, ನಾನು ಕೈ ಅಡ್ಡ ಹಿಡಿದು ಕೂತಿದ್ದೆ.

ಡಿಸೆಂಬರ್ ಬಂತು. ನಿನಗೆ ರಜೆ ಸಿಗಲಿಲ್ಲ. ನಕ್ಷತ್ರ ಕಟ್ಟಲು ನಾನೂ ಮಗಳೂ ಹೋದೆವು. ನಿನ್ನ ಅಪ್ಪ ಬಿದಿರ ಸೀಳಿ, ಬಣ್ಣದ ಕಾಗದ ಅಂಟಿಸಿ ಮಾಡುತ್ತಿದ್ದ ನಕ್ಷತ್ರ ಈಗಿಲ್ಲ. ಪೇಟೆಯಿಂದ ತಂದ ಪ್ಲಾಸ್ಟಿಕ್‌ನದು. ಆದರೂ ಅದೇ ಹಲಸಿನ ಕೊಂಬೆಗೇ ಕಟ್ಟಿದೆವು. ಸಂಜೆ ಮಂಜಿನಲ್ಲಿ ನಮ್ಮನೆಯಿಂದ ನೋಡಿದರೆ ಮರ ಕಾಣುವುದಿಲ್ಲ, ನಕ್ಷತ್ರ ಮಾತ್ರ ಕಾಣುತ್ತದೆ. ಮಗಳು ಬಾಲಯೇಸುವಿನ ಗೋದಲಿಗೆ ಅಂತ ತೆಂಗಿನ ಕರಟದಲ್ಲಿ ರಾಗಿ ಬಿತ್ತಿದಳು. ತೋಟದ ಅಗಳದಿಂದ ಪಾಚಿ ಎಬ್ಬಿಸಿ ತಂದಳು. ಕುರಿಗಳಿಗೆ ಹುಲ್ಲುಗಾವಲು ಬೇಕಲ್ಲ.

ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಮಾಡುವ ದಿನ ಬಾಯಮ್ಮ ಕರೆದರು. ಒಬ್ಬರಿಗೇ ಆಗುವುದಿಲ್ಲ, ಕೈ ನೋವು. ನಾನು ಕಾಯಿ ತುರಿದೆ. ಮಗಳು ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಕಿಡ್ಯೊ ಸುತ್ತಿದಳು. ಕೊಂಕಣಿಯಲ್ಲಿ ಹಾಗಂದರೆ ಹುಳ ಅಂತ ತಿಳಿದ ಮೇಲೆ ಅವಳ ಸಂಭ್ರಮ ನೀನು ನೋಡಬೇಕಿತ್ತು. ಎಳ್ಳು, ಕೊಬ್ಬರಿ, ಏಲಕ್ಕಿ ಹಾಕಿದ ನೆವ್ರಿಯ, ಅಂದರೆ ಕರ್ಜಿಕಾಯಿಯ, ಹೂರಣದ ಪರಿಮಳಕ್ಕೆ ನಿಮ್ಮ ಬೆಕ್ಕು ಕೂಡ ಒಳಗೆ ಬಂತು.

ಎಣ್ಣೆ ಇಡುವ ಹೊತ್ತಿಗೆ ಬಾಯಮ್ಮ ನನ್ನನ್ನು ಅಟ್ಟ ಹತ್ತಿಸಿದರು. “ಪುತಾ, ಮೂಲೆಯಲ್ಲಿ ಪೇಪರ್ ಸುತ್ತಿದ್ದು ಒಂದು ಬಾಣಲೆ ಉಂಟು, ತೆಗಿ.” ತೆಗೆದೆ. ಕಬ್ಬಿಣದ ಬಾಣಲೆ. ಅದರೊಳಗೆ ಒಂದು ಜಾಲರಿ ಸೌಟು. ಎರಡೂ ಹೊಸದರ ಹಾಗೇ ಇದ್ದವು. ಒಲೆಯ ಪಕ್ಕ ಇನ್ನೊಂದು ದೊಡ್ಡ ಬಾಣಲೆ ಇತ್ತಲ್ಲ, ಮಗಳು ಕೇಳಿಯೇ ಬಿಟ್ಟಳು, ಎರಡು ಯಾಕೆ ಅಂತ.

“ಇದು ನಿಮ್ಮನೆ ಬಾಣಲೆ ಪುಟ್ಟಿ” ಅಂದರು ಬಾಯಮ್ಮ. “ಕೊಕ್ಕಿಸ್‌ಗೆ ಮೊಟ್ಟೆ ಹಾಕ್ತೇನಲ್ಲ. ಅದಕ್ಕೆ ಮುಂಚೆ ಹೊಸ ಎಣ್ಣೆಯಲ್ಲಿ ನಿಮ್ಮದು ಕರಿದು ತೆಗೆದಿಡೋದು. ನಿಮ್ಮ ದೊಡ್ಡಜ್ಜಿ ಇರುವಾಗಿಂದ ಹಾಗೇ.”

ಅಷ್ಟೇ ಹೇಳಿದ್ದು. ದೊಡ್ಡದೇನೋ ಮಾಡಿದೆ ಅನ್ನುವ ದನಿ ಅಲ್ಲ. ಮಳೆಗಾಲಕ್ಕೆ ಸೌದೆ ಕೂಡಿಟ್ಟೆ ಅನ್ನುವ ಹಾಗೆ ಹೇಳಿದರು. ವರ್ಷದಲ್ಲಿ ಒಂದೇ ದಿನ ಇಳಿಯುವ ಬಾಣಲೆ. ಕ್ರಿಸ್‌ಮಸ್‌ಗೆ ನಿಮ್ಮನೆಯಲ್ಲಿ ಮೊದಲು ಕರಿಯುವುದೇ ನಮ್ಮನೆಯದು. ನಿನಗೆ ಇದು ಗೊತ್ತಿತ್ತಾ? ಗೊತ್ತಿರುತ್ತದೆ. ನೀನು ಯಾವತ್ತೂ ಹೇಳಲಿಲ್ಲ.

ಈಗ ನಾನು ಹೇಳಬೇಕಾದ್ದು.

ಕ್ರಿಸ್‌ಮಸ್‌ಗೆ ನಿಮ್ಮನೆಯಿಂದ ಬರುತ್ತಿದ್ದ ಆ ತಿಂಡಿ ತಟ್ಟೆ ನಮ್ಮನೆಯಲ್ಲಿ ಒಂದು ಸಲವೂ ಒಳಗೆ ಹೋಗಲಿಲ್ಲ. ನೀನು ಕಸೂತಿ ಬಟ್ಟೆ ಮುಚ್ಚಿ ತರುತ್ತಿದ್ದೆಯಲ್ಲ, ನಾನು ಇಸಿದುಕೊಂಡು ಜಗಲಿಯ ಕಟ್ಟೆಯ ಮೇಲೆ ಇಡುತ್ತಿದ್ದೆ. ನೀನು ಗದ್ದೆ ದಾಟುವವರೆಗೆ ಅಜ್ಜಿ ಸುಮ್ಮನಿರುತ್ತಿದ್ದಳು. ಆಮೇಲೆ ಬಾಳೆಹಣ್ಣು, ಕಿತ್ತಳೆ ಮಾತ್ರ ತೆಗೆದುಕೊಂಡು ಉಳಿದದ್ದನ್ನೆಲ್ಲ ಅಡಿಕೆ ಸುಲಿಯುವವರಿಗೆ ಹಂಚಿಬಿಡುತ್ತಿದ್ದಳು. ತಟ್ಟೆಯನ್ನು ಹೊರಗಿನ ನಲ್ಲಿಯಲ್ಲೇ ತೊಳೆದು, ಬರಿದು ಕೊಡಬಾರದು ಅಂತ ಸಕ್ಕರೆ ಹಾಕಿ ಕಳಿಸುತ್ತಿದ್ದಳು. ಅಜ್ಜಿ ಕೆಟ್ಟವಳಲ್ಲ ಕಣೋ. ನಿನಗೆ ಜ್ವರ ಬಂದಾಗ ಕಷಾಯ ಕುದಿಸಿ ಕೊಟ್ಟವಳು ಅವಳೇ. ಆದರೆ ಅಡುಗೆಮನೆಯ ಹೊಸ್ತಿಲಿಗೆ ಅವಳದು ಬೇರೆ ಲೆಕ್ಕ. ಅದನ್ನು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಚಪ್ಪರದಲ್ಲಿ ಅವರ ಪಾಲಿನಿಂದ ಒಂದು ನೆವ್ರಿ ಇಸಿದುಕೊಂಡು ತೋಟಕ್ಕೆ ಹೋಗಿ ತಿನ್ನುತ್ತಿದ್ದೆ. ಮರುದಿನ ನೀನು ಕೇಳುತ್ತಿದ್ದೆ, ಹೇಗಿತ್ತು ಅಂತ. ಒಂದು ಸಲ, ಐದನೇ ಕ್ಲಾಸಿನಲ್ಲಿ ಇರಬೇಕು, “ಎಲ್ಲರೂ ತಿಂದೆವು, ಅಜ್ಜಿಗಂತೂ ನೆವ್ರಿ ತುಂಬ ಇಷ್ಟ ಆಯ್ತು” ಅಂದೆ. ಸುಮ್ನೆ ಬಾಯಿಗೆ ಬಂದದ್ದು. ನೀನು ಮನೆಗೆ ಹೋಗಿ ಹೇಳಿದೆ. ಮುಂದಿನ ವರ್ಷದಿಂದ ತಟ್ಟೆಯ ಜೊತೆ ಒಂದು ಸಣ್ಣ ಡಬ್ಬಿ ಬರತೊಡಗಿತು. ಅಜ್ಜಿಗೆ ಹಲ್ಲಿಲ್ಲ ಅಂತ ಮೆತ್ತಗೆ ಮಾಡಿದ ನೆವ್ರಿ. ಆ ಡಬ್ಬಿಯೂ ಚಪ್ಪರಕ್ಕೇ ಹೋಯಿತು. ಪ್ರತಿ ವರ್ಷ. ಅಜ್ಜಿ ತೀರಿಕೊಂಡ ದಿನ ಬಾಯಮ್ಮ ನಮ್ಮ ಅಂಗಳದಲ್ಲಿ ನಿಂತು ಅತ್ತರು. “ನನ್ನ ನೆವ್ರಿ ಅಂದರೆ ಎಷ್ಟು ಇಷ್ಟ ಇತ್ತು ಅಜ್ಜಿಗೆ” ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಇಷ್ಟು ವರ್ಷ ಇದು ಅಜ್ಜಿಯ ವಿಷಯ ಅಂದುಕೊಂಡಿದ್ದೆ. ಅಟ್ಟದಿಂದ ಬಾಣಲೆ ಇಳಿಸುವಾಗ ಹೊಳೆಯಿತು, ಸುಳ್ಳು ಹೇಳಿದ್ದು ಅಜ್ಜಿ ಅಲ್ಲ. ಅವಳು ತನಗೆ ಇಷ್ಟ ಅಂತ ಯಾರಿಗೂ ಹೇಳಿರಲಿಲ್ಲ.

ಇನ್ನೂ ಒಂದಿದೆ. ನಮ್ಮಲ್ಲಿ ಅಡಿಕೆ ಸುಲಿಯುವ ಹೆಂಗಸರು ಬೆಳಗ್ಗೆ ನಿಮ್ಮಲ್ಲಿಗೂ ಕೆಲಸಕ್ಕೆ ಹೋಗುತ್ತಾರೆ. ಆಗಲೂ ಹೋಗುತ್ತಿದ್ದರು. ಇಪ್ಪತ್ತು ಮೂವತ್ತು ವರ್ಷದಲ್ಲಿ ಅವರಲ್ಲಿ ಒಬ್ಬರೂ “ಬಾಯಮ್ಮ, ನಿಮ್ಮ ನೆವ್ರಿ ನಿನ್ನೆ ನಮಗೆ ಸಿಕ್ಕಿತು” ಅಂತ ಹೇಳಿರುವುದಿಲ್ವಾ? ಊರಲ್ಲಿ ಅಂಥ ಮಾತು ಉಳಿಯುತ್ತದಾ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೊತ್ತಿದ್ದೂ ಬಾಣಲೆ ಬೇರೆ ಇಟ್ಟರಾ? ಗೊತ್ತಿದ್ದೂ ಡಬ್ಬಿ ಕಳಿಸಿದರಾ? ಕೇಳಲು ನನಗೆ ಧೈರ್ಯ ಬರುತ್ತಿಲ್ಲ.

24ರ ರಾತ್ರಿ ಅವರನ್ನು ಪೇಟೆಯ ಚರ್ಚಿಗೆ ಬಿಟ್ಟು, ಪೂಜೆ ಮುಗಿಯುವವರೆಗೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮರುದಿನ ಬೆಳಗ್ಗೆ ತಟ್ಟೆ ಬಂತು. ತಂದವಳು ಮಗಳೇ. ಅದೇ ಕಸೂತಿ ಬಟ್ಟೆ, ಅಂಚು ಸ್ವಲ್ಪ ಹರಿದಿದೆ. ನಾನು ಇಸಿದುಕೊಂಡೆ. ಇಸಿದುಕೊಂಡು ಏನು ಮಾಡಿದೆ ಗೊತ್ತಾ? ಜಗಲಿಯ ಕಟ್ಟೆಯ ಮೇಲೆ ಇಟ್ಟೆ. ಯೋಚನೆ ಮಾಡಿ ಇಟ್ಟಿದ್ದಲ್ಲ. ಕೈ ತಾನಾಗೇ ಇಟ್ಟಿತು. ಅಜ್ಜಿ ಹೋಗಿ ಹನ್ನೆರಡು ವರ್ಷ ಆಯಿತು. ಬಾಣಲೆ ನೋಡಿ ಬಂದು ಮೂರೇ ದಿನ. ಆದರೂ ಅದೇ ಜಾಗಕ್ಕೆ ಇಟ್ಟೆ.

“ಒಳಗೆ ತರಲ್ವಾ ಅಪ್ಪ?” ಅಂದಳು ಮಗಳು.

ನನಗೆ ಉತ್ತರ ಬರಲಿಲ್ಲ. ತಟ್ಟೆ ಎತ್ತಿಕೊಂಡು ನಡುಮನೆ ದಾಟಿ ಅಡುಗೆಮನೆಗೆ ಹೋದೆ. ಅಮ್ಮ ಹಾಲು ಕಾಯಿಸುತ್ತಿದ್ದಳು. ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡಲು ಹೋದೆ. ಅಮ್ಮ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹಾಲಿನ ಪಾತ್ರೆಯನ್ನು ಎತ್ತಿ ಆ ಕಡೆಗೆ ಸರಿಸಿದಳು. ತಟ್ಟೆಗೆ ಜಾಗ ಮಾಡಿಕೊಟ್ಟಳೋ, ಹಾಲನ್ನು ದೂರ ಇಟ್ಟಳೋ, ನನಗೆ ಗೊತ್ತಾಗಲಿಲ್ಲ. ಮಾತಾಡಲಿಲ್ಲ. ಮಗಳು ಅಲ್ಲೇ ಕೆಳಗೆ ಕೂತು ತಾನು ಸುತ್ತಿದ ಕಿಡ್ಯೊಗಳನ್ನು ಹುಡುಕಿ ಹುಡುಕಿ ತಿಂದಳು. ಸಣ್ಣ ಡಬ್ಬಿ ಈ ಸಲವೂ ಬಂದಿದೆ. ಈಗ ಅಮ್ಮನಿಗಂತೆ. ಅದು ಎರಡು ದಿನದಿಂದ ಅಲ್ಲೇ ಇದೆ. ಇವತ್ತು ಬೆಳಗ್ಗೆ ಮುಚ್ಚಳ ತೆಗೆದು ನೋಡಿದೆ. ಎಷ್ಟಿತ್ತು ಅಂತ ಮೊದಲೇ ಎಣಿಸಿ ಇಟ್ಟಿರಲಿಲ್ಲ.

ಇಷ್ಟು ಬರೆಯುವ ಯೋಚನೆ ಇರಲಿಲ್ಲ ಮಾರಾಯ. ನಕ್ಷತ್ರ ಕಟ್ಟಿದ್ದು ಹೇಳಿ ನಿಲ್ಲಿಸೋಣ ಅಂದುಕೊಂಡು ಕೂತಿದ್ದು. ಇದನ್ನು ಬಾಯಮ್ಮನಿಗೆ ಓದಿ ಹೇಳುತ್ತೀಯೋ ಇಲ್ಲವೋ ನಿನಗೆ ಬಿಟ್ಟೆ. ನೀನು ಹೇಳುವ ಮೊದಲು ನಾನೇ ಗದ್ದೆ ದಾಟಿ ಹೋದರೆ ಒಳ್ಳೆಯದು ಅಂತಲೂ ಅನ್ನಿಸುತ್ತಿದೆ. ತಟ್ಟೆ ಇನ್ನೂ ನಮ್ಮಲ್ಲೇ ಇದೆ, ಕೊಡಲು ಹೋಗಲೇಬೇಕು.

ಸರಿ, ಬೇರೆ ಸುದ್ದಿ ಕೇಳು. ಬರುವಾಗ ಒಂದು ಒಳ್ಳೆಯ ಬಾಚಣಿಗೆ ತಾ. ಕಿಡ್ಯೊ ಒತ್ತುವುದರ ಎರಡು ಹಲ್ಲು ಹೋಗಿದೆ, ಈ ವರ್ಷದ ಹುಳಗಳಿಗೆಲ್ಲ ನಡುವೆ ಗೆರೆಯೇ ಇಲ್ಲ. ಮಗಳ ರಾಗಿ ಪೈರು ಗೇಣುದ್ದ ಬಂದು ಗೋದಲಿಯ ಕುರಿಗಳು ಮುಚ್ಚಿಹೋಗಿವೆ. ನಿಮ್ಮ ಬೆಕ್ಕು ಕುರುಬನನ್ನು ಪಕ್ಕಕ್ಕೆ ತಳ್ಳಿ ಹುಲ್ಲಿನಲ್ಲಿ ಮಲಗುತ್ತಿದೆ. ಜನವರಿ 6ರವರೆಗೆ ಗೋದಲಿ ತೆಗೆಯುವ ಹಾಗಿಲ್ಲವಲ್ಲ, ಮೂವರು ರಾಜರು ಬರುವ ಹೊತ್ತಿಗೂ ಅದು ಅಲ್ಲೇ ಮಲಗಿರುತ್ತದೆ. ಬಾಯಮ್ಮ ಅದನ್ನು ಎಬ್ಬಿಸುತ್ತಿಲ್ಲ. ಚಳಿ, ಮಲಗಲಿ ಬಿಡು ಅಂತಾರೆ.

ಸ್ವೆಟರ್ ಹಾಕಿಕೋ.

ನಿನ್ನ,
ಗದ್ದೆಯ ಈಚೆಯವ