ಹೊಸ ಪ್ರೋಗ್ರಾಂ ಮತ್ತು ಪರಿಷ್ಕೃತ ಶುಲ್ಕದ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಅದಿರು ರಾಶಿಗಳ ಗಾತ್ರ ಲೆಕ್ಕ ಹಾಕುವ ನಮ್ಮ ಪ್ರೋಗ್ರಾಮನ್ನು ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ರಸ್ಟ್ ಎಂಬ ಇನ್ನೊಂದು ಭಾಷೆಗೆ ಪೂರ್ತಿಯಾಗಿ ಬದಲಿಸಿದ್ದೇವೆ. ಏಪ್ರಿಲ್ 1ರಿಂದ ಎಲ್ಲ ವರದಿಗಳೂ ಇದರಿಂದಲೇ ಬರುತ್ತವೆ. ಪರಿಷ್ಕೃತ ವಾರ್ಷಿಕ ಶುಲ್ಕವೂ ಅಂದಿನಿಂದಲೇ ಜಾರಿಗೆ ಬರುತ್ತದೆ.

ರಸ್ಟ್ ಪುಕ್ಕಟೆ ಸಿಗುವಾಗ ಶುಲ್ಕ ಏಕೆ ಏರಿತು ಎಂದು ಕೇಳಿದವರಿದ್ದಾರೆ. ಭಾಷೆ ಪುಕ್ಕಟೆಯೆಂಬುದು ನಿಜ. ಆದರೆ ಲೆಕ್ಕದ ಪ್ರತಿಯೊಂದು ಸಾಲನ್ನೂ ಮತ್ತೆ ಬರೆದು, ನಿಮ್ಮ ಹಳೆಯ ಕಡತಗಳನ್ನು ಎರಡೂ ಪ್ರೋಗ್ರಾಮುಗಳಲ್ಲಿ ಓಡಿಸಿ, ಒಂದೊಂದು ರಾಶಿಯನ್ನೂ ತಾಳೆ ನೋಡಿದ ನಮ್ಮ ಹುಡುಗರ ಸಂಬಳ ಪುಕ್ಕಟೆಯಲ್ಲ. ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಂದ 1957ರಿಂದ ವಿಜ್ಞಾನದ ಲೆಕ್ಕಗಳಿಗೆಂದು ಬೆಳೆದು ನಿಂತ ಸಿದ್ಧ ಲೈಬ್ರರಿಗಳ (ಮೊದಲೇ ಬರೆದಿಟ್ಟ ಪ್ರೋಗ್ರಾಂ ಭಾಗಗಳ) ಸಂಪತ್ತು, 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್‌ನಲ್ಲಿ ಇನ್ನೂ ಅಷ್ಟಾಗಿ ಇಲ್ಲವಾದ್ದರಿಂದ ಕೆಲವನ್ನು ನಾವೇ ಬರೆಯಬೇಕಾಯಿತು. ಈ ಖರ್ಚಿನ ಒಂದು ಪಾಲು ಮಾತ್ರ ನಿಮ್ಮ ಮೇಲೆ ಬಿದ್ದಿದೆ. ಉಳಿದದ್ದನ್ನು ನಾವೇ ಹೊತ್ತಿದ್ದೇವೆ.

ಬದಲಾವಣೆಗೆ ಬಲವಾದ ಕಾರಣವಿದೆ. ಸಂಡೂರಿನ ಸುತ್ತ ಸ್ಥಳವನ್ನು ಮೀಟರುಗಳಲ್ಲಿ ಗುರುತಿಸುವ ಯುಟಿಎಂ ಎಂಬ ನಕ್ಷೆ ಪದ್ಧತಿಯ ಉತ್ತರ ನಿರ್ದೇಶಾಂಕ (ಸಮಭಾಜಕದಿಂದ ಉತ್ತರಕ್ಕಿರುವ ದೂರ) 16 ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಅಂಕಿಯನ್ನು 32 ಬಿಟ್‌ನ ದಶಮಾಂಶ ಸಂಖ್ಯೆಯಾಗಿ ಇಟ್ಟರೆ 12.5 ಸೆಂಟಿಮೀಟರಿಗಿಂತ ಸೂಕ್ಷ್ಮವಾದ ಅಳತೆ ಉಳಿಯುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಹೆಚ್ಚು ನಿಖರವಾದ 64 ಬಿಟ್‌ನ ಸಂಖ್ಯೆ ಸದ್ದಿಲ್ಲದೆ 32ಕ್ಕೆ ಇಳಿಯಬಹುದು. ನಾವಾಗಿಯೇ ಸ್ಪಷ್ಟವಾಗಿ ಬರೆಯದ ಹೊರತು ರಸ್ಟ್ ಕಂಪೈಲರ್ (ಬರೆದದ್ದನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ) ಅದನ್ನು ಒಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ದೂರು ಬೇರೆಯೇ: ಅದೇ ಡ್ರೋನ್ ಕಡತ, ಅದೇ ರಾಶಿ, ಆದರೂ ಘನ ಮೀಟರಿನ ಕೊನೆಯ ದಶಮಾಂಶ ಹಳೆಯ ವರದಿಗೆ ಏಕೆ ಹೊಂದುವುದಿಲ್ಲ, ಯಾವುದನ್ನು ನಂಬಬೇಕು? ಎರಡನ್ನೂ ನಂಬಬಹುದು. ಕಂಪ್ಯೂಟರಿನಲ್ಲಿ ಕೂಡುವ ಕ್ರಮ ಬದಲಾದರೆ ಮೊತ್ತದ ತುದಿಯೂ ಬದಲಾಗಬಹುದು. 0.1 ಮತ್ತು 0.2 ಮೊದಲು ಕೂಡಿ ಆಮೇಲೆ 0.3 ಸೇರಿಸಿದರೆ 0.6000000000000001 ಬರುತ್ತದೆ, 0.2 ಮತ್ತು 0.3 ಕೂಡಿ ಅದನ್ನು 0.1ಕ್ಕೆ ಸೇರಿಸಿದರೆ 0.6 ಬರುತ್ತದೆ. ನಾವು ಎಲ್ಲ ಅಂಕಿಗಳನ್ನೂ ಮುದ್ರಿಸುವುದರಿಂದ ಇದು ಕಣ್ಣಿಗೆ ಬೀಳುತ್ತದೆ, ನಿಮ್ಮ ಟನ್ ಲೆಕ್ಕವನ್ನು ಮಾತ್ರ ಮುಟ್ಟುವುದಿಲ್ಲ. ಹಳೆಯ ಪ್ರೋಗ್ರಾಂ ಯಂತ್ರದೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳಿಗೆ ತಕ್ಕಂತೆ ಕೆಲಸ ಹಂಚುತ್ತಿದ್ದುದರಿಂದ ಗುತ್ತಿಗೆದಾರರ ಲ್ಯಾಪ್‌ಟಾಪಿನಲ್ಲಿ ಒಂದು ತುದಿ, ಗಣಿ ಕಚೇರಿಯಲ್ಲಿ ಇನ್ನೊಂದು ತುದಿ ಬಂದು ವೃಥಾ ವಾದಕ್ಕೆ ಎಡೆಯಾಗುತ್ತಿತ್ತು. ಹೊಸದರಲ್ಲಿ ಡ್ರೋನ್ ಕಡತದ ಬಿಂದುಗಳನ್ನು ನಿಗದಿತ ಗಾತ್ರದ ಕಟ್ಟುಗಳಾಗಿ ವಿಂಗಡಿಸಿ, ಅವುಗಳ ಮೊತ್ತವನ್ನು ಸದಾ ಒಂದೇ ಕ್ರಮದಲ್ಲಿ ಕೂಡುತ್ತೇವೆ. ಕೋರ್‌ಗಳು ಎಷ್ಟೇ ಇರಲಿ, ಮೊತ್ತ ಕೊನೆಯ ಅಂಕಿಯವರೆಗೂ ಒಂದೇ. ಇದನ್ನು ಯಾವ ಭಾಷೆಯೂ ತಾನಾಗಿ ಕೊಡುವುದಿಲ್ಲ. ನಮ್ಮವರೇ ಕೂತು ಬರೆದ ಈ ಭಾಗದ ಬಗ್ಗೆ ನಮಗೆ ಹೆಮ್ಮೆಯಿದೆ.

ಒಂದು ತೊಂದರೆಗೆ ಮಾತ್ರ ಮನಃಪೂರ್ವಕ ಕ್ಷಮೆ ಕೋರುತ್ತೇವೆ. 2024ರ ಮೇ ತಿಂಗಳಲ್ಲಿ ಬಂದ 1.78ನೇ ಆವೃತ್ತಿಯಿಂದ ರಸ್ಟ್‌ಗೆ ಸಾಮಾನ್ಯವಾಗಿ ವಿಂಡೋಸ್ 10 ಬೇಕು. ತೂಕದ ಕಟ್ಟೆಗಳಲ್ಲಿ ಇಂದಿಗೂ ವಿಂಡೋಸ್ 7 ಯಂತ್ರಗಳಿವೆಯೆಂಬುದು ನಮಗೆ ಗೊತ್ತು. ಅಂಥವರು ಕಡತವನ್ನು ಪೆನ್‌ಡ್ರೈವಿನಲ್ಲಿ ಬಳ್ಳಾರಿಯ ಕಚೇರಿಗೆ ತಲುಪಿಸಿದರೆ ಹೆಚ್ಚಿನ ಶುಲ್ಕವಿಲ್ಲದೆ ಅಂದೇ ವರದಿ ಕೊಡುತ್ತೇವೆ. ಹಳೆಯ ವರದಿಯ ಬಗ್ಗೆ ಅನುಮಾನವಿರುವವರು ಅದನ್ನೂ ತನ್ನಿ. ಎರಡೂ ಪ್ರೋಗ್ರಾಮುಗಳನ್ನು ನಿಮ್ಮೆದುರಿಗೇ ಓಡಿಸಿ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಬಳ್ಳಾರಿ